ಮೂಲೆ ಇಲ್ಲದ ಲಕೋಟೆ

ಯರ್ರಿಸ್ವಾಮಿಗೆ ಹೆದರಿಕೆ ಹುಟ್ಟಿನಿಂದ ಬಂದ ಆಸ್ತಿ. ರಾಯದುರ್ಗದ ಬೆಟ್ಟದ ಬುಡದಲ್ಲಿ ಬೆಳೆದವನು, ಮೇಲಿನ ಗುಂಡುಗಳು ಇವತ್ತಲ್ಲ ನಾಳೆ ಉರುಳಿ ತಮ್ಮ ಮನೆಯ ಮೇಲೇ ಬೀಳುತ್ತವೆ ಅಂತ ಎಳೆತನದಿಂದ ನಂಬಿದ್ದ. ಗುಂಡುಗಳೇನೂ ಬೀಳಲಿಲ್ಲ. ದೊಡ್ಡವನಾದಂತೆ ಹೆದರಿಕೆಗೆ ಬೇರೆ ಹೆಸರುಗಳು ಸಿಕ್ಕವು ಅಷ್ಟೆ: ಹಾವು, ಪೊಲೀಸು, ಟಪಾಲು ಇಲಾಖೆಯ ಇನ್ಸ್‌ಪೆಕ್ಟರು. ಹಗ್ಗ ಕಂಡರೂ ಹಾವು ಅನ್ನುವ ಜಾತಿ. ಅವನ ಹೆಂಡತಿ ಮೈಲಾರಮ್ಮ, "ನಮ್ಮ ಮನಿಗೆ ನಾಯಿ ಬ್ಯಾಡ್ರಿ, ಇಲಿ ಓಡಿದ್ರೂ ನೀವಾ ಎದ್ದು ಕುಂದರ್ತೀರಿ" ಅಂತ ನಗುತ್ತಿದ್ದಳು. ಅಂಥವನು ಸರ್ಕಾರದ ಟಪಾಲು ಆಫೀಸಿನಲ್ಲಿ ಇಪ್ಪತ್ತೊಂದು ವರ್ಷ ಒಬ್ಬರ ಕಾಗದದ ಅಂಚೂ ಮಡಿಸದೆ ಕೆಲಸ ಮಾಡಿದ್ದ ಅಂದರೆ, ಅದರಲ್ಲಿ ನಿಯತ್ತು ಎಷ್ಟಿತ್ತೋ ಭಯವೂ ಅಷ್ಟೇ ಇತ್ತು.

ಈ ಪುಕ್ಕಲು ಮನುಷ್ಯನಿಗೆ ಒಂದೇ ಒಂದು ಹುಚ್ಚು ಇತ್ತು. ವಿಮಾನದ ಸ್ಟಾಂಪು.

ಆ ಸ್ಟಾಂಪು ಮೊದಲ ಸಲ ಬಂದದ್ದು ಇಪ್ಪತ್ತೊಂಬತ್ತನೇ ಇಸವಿಯಲ್ಲಿ, ಅವನು ಇನ್ನೂ ರಾಯದುರ್ಗದಲ್ಲೇ ಗುಮಾಸ್ತನಾಗಿದ್ದಾಗ. ಅದುವರೆಗೆ ಸ್ಟಾಂಪು ಅಂದರೆ ದೊರೆಯ ಗಡ್ಡದ ಮುಖ ಬಿಟ್ಟು ಬೇರೇನೂ ಇರಲಿಲ್ಲ. ಇದರಲ್ಲಿ ದೊರೆ ಒಂದು ಬದಿಗೆ ಸರಿದು ಕೂತಿದ್ದ. ನಡುವೆ ಒಂದು ವಿಮಾನ, ಅದರ ಕೆಳಗೆ ನದಿ, ಒಂದಿಷ್ಟು ಮರ. ಎರಡಾಣೆ, ಮೂರಾಣೆ, ನಾಲ್ಕಾಣೆ, ಆರಾಣೆ, ಎಂಟಾಣೆ, ಹನ್ನೆರಡಾಣೆ, ಹೀಗೆ ಆರು ಬಣ್ಣ. ದೊರೆಯನ್ನೇ ಪಕ್ಕಕ್ಕೆ ಸರಿಸಿದ ಆ ಯಂತ್ರ ಎಂಥದ್ದಿರಬೇಕು ಅಂತ ಯರ್ರಿಸ್ವಾಮಿಗೆ ದಿಗಿಲೂ ಆಯಿತು, ಕಣ್ಣು ಕೀಳಲೂ ಆಗಲಿಲ್ಲ. ಅಲ್ಲಿಂದ ಶುರು. ಲಂಡನ್ನಿನಿಂದ ಕರಾಚಿಗೆ ವಾರಕ್ಕೊಮ್ಮೆ ಟಪಾಲು ಹಾರಿಕೊಂಡು ಬರುತ್ತದೆ ಅನ್ನುವುದನ್ನು ಹೊಸ ನೆಂಟರ ಸುದ್ದಿಯಂತೆ ಕೇಳಿದ. ಎಷ್ಟೋ ವರ್ಷದ ಹಿಂದೆ ಅಲಹಾಬಾದಿನಲ್ಲಿ ಒಂದು ವಿಮಾನ ಹೊಳೆ ದಾಟಿ ಆರು ಮೈಲಿ ಕಾಗದ ಹೊತ್ತಿತ್ತು, ಅದೇ ಮೊದಲು, ಅನ್ನುವುದನ್ನೂ ಯಾರಿಂದಲೋ ತಿಳಿದುಕೊಂಡ. ಹಳೇ ಪಂಚಾಂಗವೊಂದರ ಹಾಳೆಗಳಲ್ಲಿ ಸ್ಟಾಂಪು ಅಂಟಿಸಿಟ್ಟ. ಗ್ರಹಣದ ಪುಟ ಖಾಲಿ ಬಿಟ್ಟ. ಗ್ರಹಣ ಹಿಡಿದರೆ ಅಂತ ಹೆದರಿಕೆ.

ಮೂವತ್ತೆರಡರಲ್ಲಿ ಕರಾಚಿಯಿಂದ ಮದರಾಸಿಗೆ ವಿಮಾನ ಟಪಾಲು ಶುರುವಾಗಿ, ನಡುವೆ ನಮ್ಮ ಬಳ್ಳಾರಿಯಲ್ಲೇ ಇಳಿಯುತ್ತದೆ ಅಂದಾಗ ರಜೆ ಹಾಕಿ ನೋಡಲು ಹೋದ. ಮೈದಾನದಲ್ಲಿ ಪೆಟ್ರೋಲಿನ ಡಬ್ಬ ಹೇರಿದ್ದ ಎತ್ತಿನ ಗಾಡಿ ನಿಂತಿತ್ತು. ವಿಮಾನ ಗುಡುಗುತ್ತಾ ಇಳಿದದ್ದೇ ತಡ, ಎತ್ತುಗಳು ನಿಂತಲ್ಲೇ ನಿಂತವು, ಯರ್ರಿಸ್ವಾಮಿ ಗಾಡಿಯ ಕೆಳಗಿದ್ದ. ಚಕ್ರದ ಸಂದಿಯಿಂದಲೇ ಅವನು ಟಪಾಲಿನ ಚೀಲ ಇಳಿಯುವುದನ್ನು ಕಂಡದ್ದು. ಅರ್ಧ ಚೀಲ ರಾಗಿಯಷ್ಟೇ ಗಾತ್ರ, ಬಾಯಿಗೆ ಅದೇ ಅರಗಿನ ಮುದ್ರೆ. ಕರಾಚಿಯಿಂದ ಮೋಡದ ಮೇಲೆ ಬಂದ ಆ ಚೀಲಕ್ಕೆ ಏನೂ ಹೆದರಿಕೆ ಆಗಿರಲಿಲ್ಲ. ಅದನ್ನು ನೆನೆದು ಅವನಿಗೆ ಹೊಟ್ಟೆಕಿಚ್ಚೇ ಆಯಿತು.

ಮಡಕಶಿರಕ್ಕೆ ವರ್ಗವಾಗಿ ಬಂದ ಮೇಲೂ ಹುಚ್ಚು ಬಿಡಲಿಲ್ಲ. ಆಫೀಸಿನ ಕಿಟಕಿಗೆ ಬಂದು ಕಾಗದ ಓದಿಸಿಕೊಂಡವರು ಏನು ಕೊಡಲಿ ಸ್ವಾಮಿ ಅಂದರೆ, "ಏನೂ ಬ್ಯಾಡ್ರಿ, ಆ ಸ್ಟಾಂಪು ಕೊಟ್ಟು ಹೋಗ್ರಿ" ಅನ್ನುವನು. ಹೀಗೆ ಐದು ಬಣ್ಣ ಕೂಡಿದವು. ಹನ್ನೆರಡಾಣೆಯದು ಹಿಂದೂಪುರದ ರೇಷ್ಮೆ ವ್ಯಾಪಾರಿಯೊಬ್ಬನ ಲಕೋಟೆಯಿಂದ ಬಂತು. ಎಂಟಾಣೆಯ ನೇರಳೆ ಮಾತ್ರ ಸಿಗಲೇ ಇಲ್ಲ. ಪಂಚಾಂಗದಲ್ಲಿ ಅದರ ಜಾಗಕ್ಕೆ ಸೀಸದಕಡ್ಡಿಯಿಂದ ಚೌಕ ಗೀಚಿಟ್ಟಿದ್ದ.

ಮೂವತ್ಮೂರರ ಬೇಸಿಗೆಯಲ್ಲಿ, ಒಂದು ಬುಧವಾರ ಬೆಳಿಗ್ಗೆ, ಆ ನೇರಳೆ ಅವನ ಮೇಜಿನ ಮೇಲೆ ಬಂದು ಬಿತ್ತು.

ಕರಾಚಿಯ ಲಕೋಟೆ. ಕೈಗೆ ದಪ್ಪ ತಾಗುತ್ತಿತ್ತು, ಒಳಗೆ ರಟ್ಟಿನಂಥದ್ದೇನೋ ಇತ್ತು. ವಿಳಾಸ ಅಮರಾಪುರದ ದಾರಿಯಲ್ಲಿರುವ ಒಂದು ಕುರಿಹಟ್ಟಿಯದು: ಪಾಪಣ್ಣನ ಹೆಂಡತಿ ಈಶ್ವರಮ್ಮನಿಗೆ. ಪಾಪಣ್ಣ ಬಳ್ಳಾರಿಗೆ ಕಂಬಳಿ ಮಾರಲು ಹೋದವನು ಪೆಟ್ರೋಲ್ ಗಾಡಿಯ ಕೂಲಿಗೆ ಸೇರಿ, ಅಲ್ಲಿಂದ ಯಾವನೋ ಸಾಹೇಬನ ಹಿಂದೆ ಕರಾಚಿಯ ವಿಮಾನದ ಮೈದಾನಕ್ಕೆ ಹೋಗಿದ್ದಾನೆ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಹಟ್ಟಿಯ ಟಪಾಲು ಒಯ್ಯುವ ರನ್ನರ್ ಕಾಟಪ್ಪ ಬಾಗಿಲಲ್ಲಿ ಗೆಜ್ಜೆಯ ಈಟಿ ಹಿಡಿದು ನಿಂತಿದ್ದ. ಚೀಲ ಕಟ್ಟಬೇಕು. ಹಟ್ಟಿಗೆ ಹೋದ ಸ್ಟಾಂಪು ಒಲೆಗೋ ಇಲಿಯ ಬಾಯಿಗೋ. ಮುದ್ರೆ ಬಿದ್ದ ಸ್ಟಾಂಪು ಉಂಡ ಎಲೆಯಲ್ಲವೇ, ಅದರ ಕೆಲಸ ಮುಗಿಯಿತು, ಕಾಗದ ಅವರದ್ದು ಅವರಿಗೆ ಮುಟ್ಟಿದರಾಯಿತು ಅಂತ ಯರ್ರಿಸ್ವಾಮಿ ತನಗೆ ತಾನೇ ಹೇಳಿಕೊಂಡ. ಆ ಮಾತು ಮುಗಿಯುವ ಮೊದಲೇ ಕತ್ತರಿ ಕೈಯಲ್ಲಿತ್ತು. ಒಳಗಿನ ಕಾಗದವನ್ನು ಕೆಳಕ್ಕೆ ಕುಟ್ಟಿ, ಮೇಲಿನ ಬಲಮೂಲೆಯನ್ನು ಸ್ಟಾಂಪಿನ ಸಮೇತ ಕತ್ತರಿಸಿದ. ಅವಸರಕ್ಕೆ ಕತ್ತರಿ ಎರಡು ಸಲ ಸೊಟ್ಟಗೆ ಓಡಿತು. ಲಕೋಟೆಯನ್ನು ಚೀಲದ ತಳಕ್ಕೆ ತುರುಕಿ ಅರಗು ಹಾಕಿದ.

ಗುರುವಾರ ಮಧ್ಯಾಹ್ನ ಕಾಟಪ್ಪ ವಾಪಸು ಬಂದವನು ಈಟಿಯನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತುಬಿಟ್ಟ.

"ನಿನ್ನೆ ನನ್ ಕೈಯಾಗೆ ಒಂದು ಕೆಟ್ಟ ಕೆಲ್ಸ ಆಯ್ತು ಸ್ವಾಮಿ. ಪಾಪಣ್ಣನ ಮನೆಗೆ ಸಾವಿನ ಕಾಗ್ದ ಕೊಟ್ಬಂದೆ."

"ಸಾವಿನ ಕಾಗದ? ಯಾರು ಹೇಳಿದ್ರು?"

"ಯೋಳೋದೇನು, ಮೂಲೆ ಇರ್ಲಿಲ್ಲವಲ್ಲ. ಚೀಲ ಕಟ್ಟುವಾಗ ನೀವು ನೋಡ್ಲಿಲ್ವಾ?"

ಯರ್ರಿಸ್ವಾಮಿಗೆ ಕೂತ ಕುರ್ಚಿ ಕೆಳಗಿನಿಂದ ಸರಿದಂತಾಯಿತು. ಸಾವಿನ ಸುದ್ದಿ ಬರೆದ ಕಾಗದದ ಮೂಲೆ ಹರಿದು ಕಳಿಸುವುದು ಆ ಸೀಮೆಯ ಮಕ್ಕಳಿಗೂ ಗೊತ್ತಿದ್ದ ಪದ್ಧತಿ. ಓದಲು ಬಾರದವರೂ ಮೂಲೆ ನೋಡಿ ತಿಳಿದುಕೊಳ್ಳುತ್ತಿದ್ದರು. ಅಂಥ ಕಾಗದ ಹೊಸಿಲು ದಾಟಬಾರದು. ಹೊರಗೇ ಓದಿಸಿ, ಹರಿದು, ತಲೆಗೆ ನೀರು ಹಾಕಿಕೊಂಡು ಒಳಗೆ ಹೋಗಬೇಕು. ಅವನ ಅಪ್ಪ ಸತ್ತಾಗ ಅವನೇ ಹದಿನಾಲ್ಕು ಕಾಗದಗಳ ಮೂಲೆ ಹರಿದಿದ್ದ. ಇಪ್ಪತ್ತೊಂದು ವರ್ಷದಲ್ಲಿ ಅಂಥ ನೂರಾರು ಕಾಗದ ಅವನ ಕೈ ದಾಟಿದ್ದವು. ಆದರೂ ಬುಧವಾರ ಅವನ ಕಣ್ಣಿಗೆ ಕಂಡದ್ದು ಸ್ಟಾಂಪು, ಕಾಗದವಲ್ಲ.

ಕಾಟಪ್ಪ ಹೇಳುತ್ತಲೇ ಇದ್ದ. ಕೈಗೆ ಕೊಡಲು ಮನಸ್ಸು ಬಾರದೆ ಹಟ್ಟಿಯ ಮುಂದಿನ ಬೇವಿನ ಮರದ ಬುಡದಲ್ಲಿಟ್ಟು ಕಲ್ಲು ಹೇರಿ ಬಂದಿದ್ದನಂತೆ. ಕರಾಚಿಯಲ್ಲಿ ಜ್ವರ ಬಿದ್ದಿದೆ ಅಂತ ಹದಿನೈದು ದಿನದಿಂದ ಸುದ್ದಿ ಬೇರೆ ಇತ್ತು. ಇದೇ ತಾಲ್ಲೂಕಿನ ರತ್ನಗಿರಿಯಿಂದ ಪಾಪಣ್ಣನ ದೊಡ್ಡಪ್ಪ ದೊಡ್ಡಬೀರಪ್ಪ ನಾಳೆ ಹೊತ್ತಿಗೆ ಬರುತ್ತಾನೆ. "ಅವ್ನು ಬಂದ್ಮೇಲೆ ಕಾಗ್ದ ಓದಿಸಿ ಆ ಹೆಣ್ಮಗಳ ಬಳೆ ತೆಗಿಸ್ತಾರಂತೆ. ಅಮರಾಪುರದ ಮೇಷ್ಟ್ರು ಊರಾಗಿಲ್ಲ. ಓದೋಕೆ ನಿಮ್ಮನ್ನೇ ಕರ್ಕಂಬಾ ಅಂದವ್ರೆ."

"ನನ್ನನ್ನಾ? ನನ್ನನ್ನ ಯಾಕ?" ಅಂದ ಯರ್ರಿಸ್ವಾಮಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಅವನ ಕೈ ಅಂಗಿಯ ಕಿಸೆಗೆ ಹೋಗಿತ್ತು.

ಆ ಸಂಜೆ ಅವನು ಉಣ್ಣಲಿಲ್ಲ. ಟಪಾಲಿನ ಕಾಗದಕ್ಕೆ ಕತ್ತರಿ ಹಾಕಿದವನಿಗೆ ಏನಾಗುತ್ತದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೆಲಸ ಹೋಗುವುದು ಮೊದಲನೆಯದು, ಅನಂತಪುರದ ಜೈಲು ಎರಡನೆಯದು. ಇದೆಲ್ಲಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಆ ಲಕೋಟೆಯೊಳಗೆ ಏನಿದೆಯೋ ಅವನು ನೋಡಿರಲಿಲ್ಲ. ಪಾಪಣ್ಣ ನಿಜವಾಗಿಯೂ ಸತ್ತಿದ್ದರೆ? ಬೇರೆ ಯಾರದ್ದೋ ಸಾವಿನ ಸುದ್ದಿ ಬರೆದಿದ್ದರೆ? ಮೂಲೆಯಲ್ಲಿ ಆಗಲೇ ಚೂರು ಹರಿದಿದ್ದು, ತಾನೇ ಕಾಣದೆ ಕತ್ತರಿಸಿಬಿಟ್ಟಿದ್ದರೆ? ನೇರಳೆ ತುಂಡನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದ. ಸ್ಟಾಂಪಿನ ವಿಮಾನ ಹಾರುತ್ತಲೇ ಇತ್ತು.

ಕೊನೆಗೆ ಹೆಂಡತಿಗೆ ಹೇಳಿಬಿಟ್ಟ. ಮೈಲಾರಮ್ಮ ನಗಲಿಲ್ಲ, ಬೈಯಲೂ ಇಲ್ಲ. "ಹೋಗಿ ಖರೇ ಹೇಳ್ರಿ" ಅಂದಳು. "ಸ್ಟಾಂಪಾದ್ರ ತಿರುಗಿ ಅಂಟಸ್ಬಹುದು. ಒಡೆದ ಬಳಿ ಅಂಟಸಾಕ ಬರ್ತೈತೇನ್ರಿ?"

"ಜೈಲಿಗೆ ಹಾಕ್ತಾರ."

"ಹಾಕ್ಲಿ. ಬುತ್ತಿ ತರ್ತೀನಿ."

ಶುಕ್ರವಾರ ನಸುಕಿನಲ್ಲೇ ಕಾಟಪ್ಪನ ಹಿಂದೆ ಹೊರಟ. ಎಂಟು ಮೈಲಿ ದಾರಿ. ನೇರಳೆ ತುಂಡು ಇಟ್ಟ ಪಂಚಾಂಗ ಅಂಗಿಯೊಳಗೆ ಹೊಟ್ಟೆಗೆ ಅಂಟಿಕೊಂಡು ಬೆವರುತ್ತಿತ್ತು. ಬೇರೆ ದಿನವಾಗಿದ್ದರೆ ಪ್ರತಿ ಕಳ್ಳಿಪೊದೆಗೂ ಹಾವು ಅಂತ ಹಾರುತ್ತಿದ್ದ. ಇವತ್ತು ಒಂದು ನಿಜವಾದ ಹಾವೇ ದಾರಿಗೆ ಅಡ್ಡ ಹೋದರೂ ಅದರ ಪಾಡಿಗೆ ಹೋಗಲು ಬಿಟ್ಟು ನಿಂತ. ಅರ್ಧ ದಾರಿಯಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಪುಕ್ಕಲರಿಗೆ ಹೊಳೆಯುವ ಉಪಾಯವೇ ಅದು. ಕಾಗದದಲ್ಲಿ ಕ್ಷೇಮ ಅಂತಿದ್ದರೆ ಗಟ್ಟಿಯಾಗಿ ಓದಿಬಿಡುವುದು, ಮೂಲೆಯ ಸುದ್ದಿ ಎತ್ತದೆ ಬಂದುಬಿಡುವುದು. ಇಲಿ ಕಡಿದಿರಬೇಕು ಅಂದರಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಹಟ್ಟಿ ಕಣ್ಣಿಗೆ ಬಿತ್ತು. ಯಾವ ಗುಡಿಸಲಿನಿಂದಲೂ ಹೊಗೆ ಏಳುತ್ತಿರಲಿಲ್ಲ. ಕುರಿಗಳನ್ನು ಮೇಯಲು ಬಿಟ್ಟಿರಲಿಲ್ಲ, ದೊಡ್ಡಿಯೊಳಗೆ ಅರಚುತ್ತಿದ್ದವು. ಬೇವಿನ ಮರದ ಕೆಳಗೆ ಗಂಡಸರು ಕಂಬಳಿ ಹಾಸಿ ಕೂತಿದ್ದರು. ಬಿಳಿ ಮೀಸೆಯ ದೊಡ್ಡಬೀರಪ್ಪ ನಡುವೆ ಇದ್ದ. ಸ್ವಲ್ಪ ದೂರದಲ್ಲಿ, ಹೆಂಗಸರ ನಡುವೆ, ಇಪ್ಪತ್ತರ ಆಸುಪಾಸಿನ ಒಬ್ಬಳು ಗೋಡೆಗೆ ಒರಗಿ ಕೂತಿದ್ದಳು. ಅಳುತ್ತಿರಲಿಲ್ಲ. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಹಸಿರು ಬಳೆಗಳನ್ನೇ ನೋಡುತ್ತಿದ್ದಳು. ಅವಳೇ ಈಶ್ವರಮ್ಮ ಅಂತ ಯಾರೂ ಹೇಳಬೇಕಾಗಿರಲಿಲ್ಲ.

ಕಾಟಪ್ಪ ಕಲ್ಲೆತ್ತಿ ಲಕೋಟೆ ಕೊಟ್ಟ. ಯರ್ರಿಸ್ವಾಮಿ ಅದನ್ನು ಒಡೆದ. ಕಣ್ಣು ಅಕ್ಷರಗಳ ಮೇಲೆ ಓಡಿತು, ಒಂದೂ ತಿಳಿಯಲಿಲ್ಲ. ಮತ್ತೆ ಮೊದಲಿನಿಂದ ಹಿಡಿದ. ಯಾರೋ ಕನ್ನಡ ಬಲ್ಲವರಿಂದ ಬರೆಸಿ, ಕೆಳಗೆ ಹೆಬ್ಬೆಟ್ಟು ಒತ್ತಿದ್ದ ಕಾಗದ. ಮೂರನೇ ಸಾಲಿಗೆ ಬಂದಾಗ ಅವನಿಗೆ ಉಸಿರು ಬಂತು.

"'ನನಗೆ ಜ್ವರ ಬಂದದ್ದು ನಿಜ, ಈಗ ವಾಸಿಯಾಗಿದೆ'," ಅಂತ ಗಟ್ಟಿಯಾಗಿ ಓದಿದ. "'ಜ್ವರದ ಸುದ್ದಿ ಊರಿಗೆ ಮುಟ್ಟಿ ನೀವು ಹೆದರಿರಬಹುದು. ರೈಲಿನ ಟಪಾಲು ತಡ ಅಂತ ಎಂಟಾಣೆ ಹಾಕಿ ವಿಮಾನದಲ್ಲಿ ಕಳಿಸಿದ್ದೇನೆ. ಪಟವೂ ಇಟ್ಟಿದ್ದೇನೆ. ನೋಡಿ ಧೈರ್ಯ ತಂದುಕೊಳ್ಳುವುದು.'"

ಲಕೋಟೆಯಿಂದ ಫೋಟೋ ತೆಗೆದು ಮೇಲೆತ್ತಿ ಹಿಡಿದ. ವಿಮಾನದ ಚಕ್ರದ ಪಕ್ಕ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಸೊರಗಿದ ಪಾಪಣ್ಣ ನಿಂತಿದ್ದ.

ಯಾರ ಮುಖವೂ ಅರಳಲಿಲ್ಲ. ದೊಡ್ಡಬೀರಪ್ಪ ಮೆಲ್ಲಗೆ ಕೆಮ್ಮಿದ. "ಓದೋರು ಎಲ್ರೂ ಇಂಗೇ ಯೋಳ್ತಾರೆ ಸ್ವಾಮಿ. ನಮ್ ತಮ್ಮ ಸತ್ತಾಗ್ಲೂ ಮೇಷ್ಟ್ರು ಹುಷಾರಿಲ್ಲ ಅಂತಷ್ಟೇ ಓದಿದ್ರು. ನಿಮ್ ಮನ್ಸು ದೊಡ್ಡದು. ಆದ್ರೆ ಮೂಲೆ ಸುಳ್ ಯೋಳ್ತದಾ?"

"ಇಲಿ... ಇಲಿ ಕಡದಿರಬೇಕ್ರಿ," ಅಂದ ಯರ್ರಿಸ್ವಾಮಿ.

"ಇಲಿ ಇಷ್ಟು ಉದ್ದ ಕಡೀತದಾ?"

ಗೋಡೆಯ ಬಳಿಯಿಂದ ಈಶ್ವರಮ್ಮ ಮೊದಲ ಸಲ ಮಾತಾಡಿದಳು. "ಅಣ್ಣಾ, ನಮ್ ಸಂಕಟ ನೋಡಿ ಸುಳ್ ಓದ್ಬ್ಯಾಡ. ಪಟ ಯಾವಾಗ್ಲೋ ತೆಗೆಸಿದ್ದಿರ್ಬೋದು. ಎರಡು ದಿನದಿಂದ ಸಾಯೋದೂ ಆಗ್ದೆ ಬದ್ಕೋದೂ ಆಗ್ದೆ ಕುಂತಿವ್ನಿ. ಇದ್ದದ್ದು ಯೋಳ್ಬುಡು."

ಬರೆದದ್ದನ್ನು ಬರೆದ ಹಾಗೇ ಓದಿದರೂ ಜನ ನಂಬದಿರುವುದು ಯರ್ರಿಸ್ವಾಮಿಯ ಅನುಭವದಲ್ಲಿ ಇರಲಿಲ್ಲ. ಅಷ್ಟರಲ್ಲಿ ಮುದುಕಿಯೊಬ್ಬಳು ಎದ್ದು ಗುಂಡುಕಲ್ಲು ತಂದಳು. ಇನ್ನಿಬ್ಬರು ಈಶ್ವರಮ್ಮನ ತೋಳು ಹಿಡಿದರು. ಅವಳು ತಾನಾಗಿಯೇ ಬಲಗೈಯನ್ನು ಹಾಸುಗಲ್ಲಿನ ಮೇಲೆ ಚಾಚಿದಳು.

"ನಿಲ್ಲಿಸ್ರಿ," ಅಂದ ಯರ್ರಿಸ್ವಾಮಿ.

ಅವನ ಜನ್ಮದಲ್ಲಿ ಅವನು ಅಷ್ಟು ದೊಡ್ಡದಾಗಿ ಕೂಗಿರಲೇ ಇಲ್ಲ. ಮುದುಕಿಯ ಕೈ ನಿಂತಿತು. ಅಂಗಿಯೊಳಗಿಂದ ಪಂಚಾಂಗ ಎಳೆದು ಬೇವಿನ ಬುಡದಲ್ಲಿ ಮೊಣಕಾಲೂರಿದ. "ಮೂಲಿ ಕತ್ತರಿಸಿದವನು ನಾನ್ರಿ. ಸ್ಟಾಂಪಿನ ಆಸೀಗೆ ಕತ್ತರಿಸೀನಿ. ಕಾಗದ ಕಳಿಸಿದವ್ರು ಹರಿದಿಲ್ಲ. ಬರ್ರಿ, ನೋಡ್ರಿ."

ಲಕೋಟೆಯನ್ನು ನೆಲದ ಮೇಲೆ ಹರಡಿ, ನೇರಳೆ ತುಂಡನ್ನು ಅದರ ಪಕ್ಕ ಇಟ್ಟು ಬೆರಳಿನಿಂದ ಸರಿಸಿದ. ಕತ್ತರಿ ಎರಡು ಸಲ ಸೊಟ್ಟಗೆ ಓಡಿದ್ದ ಕಡೆ ಎರಡು ಅಂಚೂ ಹಲ್ಲಿಗೆ ಹಲ್ಲು ಕೂಡಿದವು. ಕರಾಚಿಯ ಮುದ್ರೆ ಅರ್ಧ ಲಕೋಟೆಯ ಮೇಲೆ, ಅರ್ಧ ಸ್ಟಾಂಪಿನ ಮೇಲೆ ಬಿದ್ದಿತ್ತು. ಎರಡೂ ಸೇರಿ ದುಂಡಗಾಯಿತು. ಅದನ್ನು ನೋಡಲು ಅಕ್ಷರ ಬೇಕಾಗಿರಲಿಲ್ಲ. ದೊಡ್ಡಬೀರಪ್ಪ ಬಾಗಿ ನೋಡಿದ, ಬೆರಳಿಂದ ಆ ದುಂಡನ್ನು ಒಂದು ಸುತ್ತು ತಡವಿದ. ಆಮೇಲೆ ತನ್ನ ಕೋಲು ಹುಡುಕಿದ.

ಯರ್ರಿಸ್ವಾಮಿ ಕಣ್ಣು ಮುಚ್ಚಿದ. ಹೊಡೆತ ಬೀಳಲಿಲ್ಲ. ಕಣ್ಣು ಬಿಟ್ಟರೆ ಈಶ್ವರಮ್ಮ ಎದುರಿಗೆ ನಿಂತಿದ್ದಳು. ಹಿಡಿದಿದ್ದವರ ಕೈ ಕೊಡವಿಕೊಂಡು ಬಂದಿದ್ದಳು. ಈಗ ಅವಳ ಕೆನ್ನೆ ಪೂರಾ ಒದ್ದೆಯಾಗಿತ್ತು. ಅವಳು ಬೈಯುತ್ತಾಳೆ ಅಂತ ಕಾದ, ಉಗಿಯುತ್ತಾಳೆ ಅಂತ ಕಾದ.

"ಅಂಟಿಸು," ಅಂದಳು ಅವಳು.

ಎರಡು ದಿನದ ಮೇಲೆ ಆ ಹಟ್ಟಿಯಲ್ಲಿ ಮೊದಲ ಒಲೆ ಹೊತ್ತಿದ್ದು ರಾಗಿ ಹಿಟ್ಟಿನ ಅಂಟು ಕಾಯಿಸಲು. ಯರ್ರಿಸ್ವಾಮಿ ನೇರಳೆ ಸ್ಟಾಂಪನ್ನು ಅದರ ಜಾಗದಲ್ಲೇ ಅಂಟಿಸಿ, ಒಣಗುವ ತನಕ ಹೆಬ್ಬೆರಳಿನಿಂದ ಒತ್ತಿ ಹಿಡಿದ. ಮೂಲೆ ತುಂಬಿದ ಮೇಲೆ ಈಶ್ವರಮ್ಮ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊಸಿಲು ದಾಟಿ ಒಳಗೆ ಒಯ್ದಳು.

ದೊಡ್ಡಬೀರಪ್ಪ ಅಷ್ಟಕ್ಕೆ ಬಿಡುವ ಆಳಲ್ಲ. "ಇನ್ಸ್‌ಪೆಕ್ಟರ್ ದೊರೆಗೆ ಅರ್ಜಿ ಹಾಕ್ಬೇಕು. ಬರಿ," ಅಂದ. ಬರೆಯಬಲ್ಲವನು ಅಲ್ಲಿ ಒಬ್ಬನೇ ಇದ್ದ. ಮಾಡಿದ್ದುಣ್ಣೋ ಮಹಾರಾಯ ಅಂತ ಯರ್ರಿಸ್ವಾಮಿ ತನ್ನ ಮೇಲಿನ ಅರ್ಜಿಯನ್ನು ತಾನೇ ಬರೆದು, ತಾನೇ ಗಟ್ಟಿಯಾಗಿ ಓದಿ ಹೇಳಿದ. ಒಂದು ಅಕ್ಷರವೂ ಕಡಿಮೆ ಬರೆಯಲಿಲ್ಲ. ಕಡಿಮೆ ಬರೆಯಲೂ ಅವನಿಗೆ ಹೆದರಿಕೆ. ಮುದುಕ ಅದನ್ನು ಮಡಿಸಿ ರುಮಾಲಿನ ಸುತ್ತಿನೊಳಗೆ ಸಿಕ್ಕಿಸಿಕೊಂಡ. "ಇನ್ಮೇಲೆ ಈ ಮನೆಗೆ ಬರೋ ಪ್ರತಿ ಕಾಗ್ದ ನೀನೇ ತಂದು ಓದ್ಬೇಕು. ಒಂದು ತಪ್ಪಿದ್ರೂ ಇದು ದೊರೆ ಕೈ ಸೇರ್ತದೆ."

ಯರ್ರಿಸ್ವಾಮಿ ಒಂದೂ ತಪ್ಪಿಸಲಿಲ್ಲ. ಹಟ್ಟಿಗೆ ಕಾಗದ ಬಂದ ವಾರ, ಭಾನುವಾರ ಎಂಟು ಮೈಲಿ ನಡೆದು ಹೋಗಿ ಓದುವನು. ಪಾಪಣ್ಣ ಊರಿಗೆ ಮರಳಿದ ಮೇಲೆ ಕಾಗದ ಬರುವುದು ನಿಂತಿತು, ಯರ್ರಿಸ್ವಾಮಿ ಹೋಗುವುದು ನಿಲ್ಲಲಿಲ್ಲ. ಈಶ್ವರಮ್ಮ ಅವನಿಗೆ ಅಣ್ಣಾ ಅನ್ನುತ್ತಿದ್ದಳು. ಊಟಕ್ಕಿಕ್ಕಿ, "ಕತ್ತರಿ ತಂದಿಲ್ಲ ತಾನೇ?" ಅಂತ ಕೇಳುವಳು. ಇನ್ಸ್‌ಪೆಕ್ಟರು ತನಿಖೆಗೆ ಬಂದಾಗಲೆಲ್ಲ ಮಾತ್ರ ಅವನ ಕಣ್ಣಿಗೆ ಆ ರುಮಾಲೇ ಕಟ್ಟುತ್ತಿತ್ತು. ಅರ್ಜಿ ಅದೇ ವರ್ಷದ ಮುಂಗಾರಿನಲ್ಲಿ ರುಮಾಲಿನ ಸಮೇತ ನೆನೆದು ಮುದ್ದೆಯಾಗಿತ್ತು. ಅದನ್ನು ಅವನಿಗೆ ಯಾರೂ ಹೇಳಲಿಲ್ಲ. ಹೇಳಿದರೆ ಬರುವುದು ಬಿಟ್ಟಾನು ಅಂತ ದೊಡ್ಡಬೀರಪ್ಪನಿಗೇ ಒಂದು ಹೆದರಿಕೆ ಇತ್ತು. ಪಂಚಾಂಗದಲ್ಲಿ ಐದೇ ಸ್ಟಾಂಪು ಉಳಿದವು. ಆರನೆಯದರ ಚೌಕ ಖಾಲಿ.

ಪಿಂಚಣಿ ಪಡೆದು ರಾಯದುರ್ಗಕ್ಕೆ ಹೋದ ಮೇಲೂ ಆಗೀಗ ಒಂದು ಭಾನುವಾರ ಹಟ್ಟಿಗೆ ಬಂದುಹೋಗುತ್ತಿದ್ದವನು ನಲವತ್ತಾರರ ಚಳಿಗಾಲದಲ್ಲಿ ಮೂರು ದಿನದ ಜ್ವರಕ್ಕೆ ತೀರಿಹೋದ. ಮೈಲಾರಮ್ಮ ನೆಂಟರಿಗೆಲ್ಲ ಕಾಗದ ಬರೆಸಿದಳು. ಹಟ್ಟಿಗೂ ಒಂದು ಬರೆಸಿ, ಅದರ ಮೂಲೆಯನ್ನು ತಾನೇ ಹರಿದಳು.

ಆ ಲಕೋಟೆ ಬಂದಾಗ ಹೊಸ ರನ್ನರು ಅದನ್ನು ಬೇವಿನ ಬುಡದಲ್ಲಿ ಇಡಲು ಬಗ್ಗಿದ. ಈಶ್ವರಮ್ಮ ದೊಡ್ಡಿಯಿಂದಲೇ ಕೂಗಿ ತಡೆದಳು. ರಾಯದುರ್ಗದ ಮುದ್ರೆ ಅಂತ ಅವನು ಹೇಳಿದ ಮೇಲಂತೂ ಅವಳಿಗೆ ನಗುವೇ ಬಂತು. "ನಮ್ಮಣ್ಣಂದು ಕಣಪ್ಪ. ಹಳೇ ಚಾಳಿ, ಮೂಲೆ ಕತ್ರಿಸ್ಕಂಡವ್ನೆ. ಕೊಡಿಲ್ಲಿ," ಅಂತ ಸೆರಗಿಗೆ ಕೈ ಒರೆಸಿ ತೆಗೆದುಕೊಂಡಳು. ಒಳಗೆ ಒಯ್ದು, ದೀಪದ ಗೂಡಿನಲ್ಲಿ, ಕರಾಚಿಯ ಲಕೋಟೆಯ ಪಕ್ಕ ಇಟ್ಟಳು. ಓದಲು ಭಾನುವಾರ ಅಣ್ಣನೇ ಬರುತ್ತಾನೆ ಅಂತ ಕಾದಳು.